ದಪ್ಪ ಕಂಬಿಗೆ ಕಪ್ಲರ್: ಪೀಣ್ಯದ ವರ್ಕ್‌ಶಾಪ್ ಕೆಲಸ ಹೇಗಿದೆ?

ನಾಗರಭಾವಿಯಲ್ಲಿ ಕಟ್ಟಿಸುತ್ತಿರುವ ನಮ್ಮ ಬಿಲ್ಡಿಂಗಿನ ಪಿಲ್ಲರ್‌ಗಳಿಗೆ 25 ಎಂಎಂ ಕಂಬಿ ಇದೆ. ಲ್ಯಾಪ್ ಬೇಡ, ಕಪ್ಲರ್ ಹಾಕಿಸಿ ಅಂದರು ಇಂಜಿನಿಯರ್. ಲ್ಯಾಪ್ ಅಂದ್ರೆ ಎರಡು ಕಂಬಿಯ ತುದಿಗಳನ್ನು ಅಕ್ಕಪಕ್ಕ ಇಟ್ಟು ಕಟ್ಟುವುದು. ಕಪ್ಲರ್ ಅಂದ್ರೆ ಒಳಗೆ ಥ್ರೆಡ್ (ಸ್ಕ್ರೂವಿನಂಥ ಸುತ್ತು) ಇರುವ ಗಿಡ್ಡ ಕೊಳವೆ, ಎರಡು ತುದಿಗೂ ಥ್ರೆಡ್ ಹಾಕಿ ಅದರೊಳಗೆ ತಿರುಗಿಸಿ ಜೋಡಿಸುತ್ತಾರೆ. ಪೀಣ್ಯದ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ಥ್ರೆಡ್ ಮಾಡಿಸಿದೆವು. ಕೆಲಸ ಗಟ್ಟಿ. ಆದರೆ ಮಾಲು ಕಳಿಸುವುದರಲ್ಲಿ ಅಷ್ಟು ಶಿಸ್ತಿಲ್ಲ.

ಮೇಸ್ತ್ರಿಗಳ ಲೆಕ್ಕದಲ್ಲಿ ಲ್ಯಾಪಿನ ಉದ್ದ ಅಂದ್ರೆ ಕಂಬಿ ದಪ್ಪದ 50 ಪಟ್ಟು. 25 ಎಂಎಂಗೆ ಅದು ನಾಲ್ಕು ಅಡಿ ದಾಟುತ್ತದೆ, ಒಂದೊಂದು ಜೋಡಣೆಗೆ 5 ಕೆಜಿ ಹತ್ತಿರ ಕಬ್ಬಿಣ ಜಾಸ್ತಿ ಹೋಗುತ್ತದೆ. ದುಡ್ಡಿನ ಮಾತು ಬಿಡಿ, 12 ಕಂಬಿಯ ಪಿಲ್ಲರ್‌ನಲ್ಲಿ ಎಲ್ಲವನ್ನೂ ಒಂದೇ ಕಡೆ ಲ್ಯಾಪ್ ಮಾಡಿದರೆ ಅಲ್ಲಿ 24 ಕಂಬಿ ನಿಲ್ಲುತ್ತವೆ, ಮೇಲೆ ರಿಂಗ್ ಬೇರೆ, ಜಲ್ಲಿ ಎಲ್ಲಿಂದ ಇಳಿಯಬೇಕು? ವೈಬ್ರೇಟರ್ ಕೂಡ ಒಳಗೆ ಹೋಗಲ್ಲ. ತುಂಬ ದಪ್ಪ ಕಂಬಿಗಂತೂ ಸಾಮಾನ್ಯವಾಗಿ ಲ್ಯಾಪ್ ಮಾಡಬಾರದು ಅನ್ನುತ್ತದೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456.

ಈ ವರ್ಕ್‌ಶಾಪಿನವರು ಕಂಬಿಯ ತುದಿಯನ್ನು ಗರಗಸದಲ್ಲಿ ನೇರವಾಗಿ ಕೊಯ್ದು, ಪ್ರೆಸ್‌ನಲ್ಲಿ ಒತ್ತಿ ದಪ್ಪ ಮಾಡಿ, ಆಮೇಲೆ ಥ್ರೆಡ್ ಹಾಕುತ್ತಾರೆ. ದಪ್ಪ ಮಾಡದೆ ಹಾಗೇ ಥ್ರೆಡ್ ಕೊರೆದರೆ ಅಷ್ಟು ಕಬ್ಬಿಣ ಹೋಗಿ ಕಂಬಿ ಅಲ್ಲೇ ಸೊರಗುತ್ತದೆ, ಅಲ್ವಾ? ಥ್ರೆಡ್ ಅಳತೆ ಸರಿ ಇದೆಯಾ ಅಂತ ಪ್ರತಿ ತುದಿಗೂ ಗೇಜ್ ಹಾಕಿ ನೋಡುತ್ತಾರೆ. ಕಪ್ಲರ್ ಹಾಕಿದ ತುಂಡು ಕೇಳಿದಾಗ ಮಾತಾಡದೆ ಕೊಟ್ಟರು. ಲ್ಯಾಬ್‌ನಲ್ಲಿ ಎಳೆಸಿದಾಗ ಕಂಬಿ ಮೊದಲು ಸಣ್ಣದಾಗುತ್ತಾ ಬಂತು, ಆಮೇಲೆ ಕಪ್ಲರಿನಿಂದ ಒಂದು ಗೇಣು ದೂರದಲ್ಲಿ ಢಂ ಅಂತ ಕಡಿಯಿತು. ಥ್ರೆಡ್ ಅಲುಗಾಡಿರಲಿಲ್ಲ. ಆಗಲೇ ನನಗೆ ಪೂರ್ತಿ ನಂಬಿಕೆ ಬಂದಿದ್ದು.

ಇನ್ನು ಬೇಜಾರಿನ ವಿಷಯ. ಸೈಟಿಗೆ ಬಂದ ಲೋಡಿನಲ್ಲಿ ಕೆಲವು ತುದಿಗೆ ಪ್ಲಾಸ್ಟಿಕ್ ಕ್ಯಾಪ್ ಇರಲಿಲ್ಲ. ಥ್ರೆಡ್ ತುಂಬ ಮಣ್ಣು, ಒಂದೆರಡು ಕಡೆ ನಜ್ಜಾಗಿತ್ತು. ಫೋನ್ ಮಾಡಿದ ಮೇಲೆ ವಾಪಸ್ ತಗೊಂಡು ಬೇರೆ ಮಾಡಿಕೊಟ್ಟರು, ದುಡ್ಡೂ ಕೇಳಲಿಲ್ಲ. ಆದರೆ ಕಾಂಕ್ರೀಟ್ ಹಾಕುವ ದಿನ ಮುಂದೆ ಹೋಯಿತು, ಬಂದಿದ್ದ ಆಳುಗಳ ಕೂಲಿ ನಮ್ಮ ತಲೆ ಮೇಲೆ ಬಿತ್ತು. ಒಂದು ಕ್ಯಾಪಿಗೆ ಇಷ್ಟು ರಗಳೆ ಬೇಕಿರಲಿಲ್ಲ.

12, 16 ಎಂಎಂ ಕಂಬಿಗೆ ಸುಮ್ನೆ ಖರ್ಚು ಮಾಡಬೇಡಿ, ಲ್ಯಾಪ್ ಸಾಕು. 25, 32 ಎಂಎಂ ಆದರೆ ಕಣ್ಣುಮುಚ್ಚಿ ಇವರ ಹತ್ತಿರ ಹೋಗಿ. ಕಪ್ಲರಿಗೆ ಐಎಸ್ 16172 (ಕಪ್ಲರುಗಳ ಭಾರತೀಯ ಮಾನದಂಡ) ಪ್ರಕಾರದ ಟೆಸ್ಟ್ ರಿಪೋರ್ಟ್ ಕೇಳಿ ಇಟ್ಟುಕೊಳ್ಳಿ. ಕಂಬಿ ಕಟ್ಟುವವರು ಪೈಪ್ ರೆಂಚಲ್ಲಿ ಬಿಗಿ ಮಾಡಿ ಆಯ್ತು ಅಂತಾರೆ, ಒಪ್ಪಬೇಡಿ. ಎಷ್ಟು ಬಿಗಿಯಾಗಿದೆ ಅಂತ ಅಳೆಯುವ ಟಾರ್ಕ್ ರೆಂಚಲ್ಲಿ ನೋಡಿ, ಬಿಗಿಯಾದ ಪ್ರತಿ ಕಪ್ಲರಿಗೂ ಪೇಂಟ್ ಗುರುತು ಹಾಕಿಸಿ. ಆ ರೆಂಚನ್ನು ಇವರೇ ಬಾಡಿಗೆಗೆ ಕೊಡುತ್ತಾರೆ, ಆರ್ಡರ್ ಕೊಡುವಾಗಲೇ ಹೇಳಿಡಿ.