ತಾರಸಿಗೆ ಬಿಳಿ ಕೋಟಿಂಗ್ ಹೊಡೆಸುವ ಮುಂಚೆ ಇದನ್ನೊಮ್ಮೆ ಓದಿ

ನಿನ್ನೆ ರಾತ್ರಿ ಮತ್ತೆ ಹಾಲ್‌ನಲ್ಲಿ ಬಕೆಟ್ ಇಟ್ಟು ಮಲಗಿದೆವು. ವಾಟರ್‌ಪ್ರೂಫಿಂಗ್ ಮಾಡಿಸಿ ಇನ್ನೂ ಮೂರು ತಿಂಗಳಾಗಿಲ್ಲ. ಹತ್ತು ವರ್ಷ ವಾರಂಟಿ ಅಂದಿದ್ದರು. ಕೋಪಕ್ಕೆ ನಿದ್ದೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಯಾರಾದರೂ ಈ ಕೆಲಸಕ್ಕೆ ಅಡ್ವಾನ್ಸ್ ಕೊಡೋಕೆ ಹೊರಟಿದ್ದರೆ ಸ್ವಲ್ಪ ನಿಲ್ಲಿ.

ನಮ್ಮದು ಆರ್‌ಸಿಸಿ ತಾರಸಿ, ಸುಮಾರು 1000 ಚದರ ಅಡಿ. ಮಳೆ ಬಂದಾಗ ಹಾಲ್‌ನ ಒಂದು ಮೂಲೆಯಲ್ಲಿ ತೇವ ಕಾಣಿಸುತ್ತಿತ್ತು. ಒಂದೇ ಮೂಲೆ. ನೋಡಲು ಬಂದ ಕಾಂಟ್ರಾಕ್ಟರ್ ತಾರಸಿ ಮೇಲೆ ಐದು ನಿಮಿಷ ಓಡಾಡಿದರು. ಕೂದಲೆಳೆಯಂಥ ಬಿರುಕುಗಳನ್ನು ತೋರಿಸಿ, "ಇಡೀ ಸ್ಲ್ಯಾಬ್ ನೀರು ಕುಡಿದಿದೆ ಸರ್. ಒಂದು ಕಡೆ ರಿಪೇರಿ ಮಾಡಿದ್ರೆ ನಿಲ್ಲಲ್ಲ, ಪೂರ್ತಿ ಹೊಡೆದುಬಿಡೋಣ, ಮೂರು ಕೋಟ್" ಅಂದರು. ನಾನು ಹೂಂ ಅಂದೆ. ಮಳೆಗಾಲ ಹತ್ತಿರ ಬಂದಿತ್ತು, ನನಗೆ ಭಯ. ಆ ಭಯ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕೆಲಸದ ದಿನ ನಾನು ಮನೆಯಲ್ಲಿ ಇರಲಿಲ್ಲ. ಸಂಜೆ ಬಂದು ನೋಡಿದರೆ ತಾರಸಿ ಬೆಳ್ಳಗೆ ಫಳಫಳ ಅಂತಿತ್ತು. ಖುಷಿಗೆ ಫೋಟೋ ತೆಗೆದು ಮನೆಯವರಿಗೆಲ್ಲ ಕಳಿಸಿದೆ. ಪೂರ್ತಿ ದುಡ್ಡು ಅವತ್ತೇ ಕೊಟ್ಟುಬಿಟ್ಟೆ. ಪಕ್ಕದ ಮನೆಯ ಹಿರಿಯರು, "ಒಂದೇ ದಿನಕ್ಕೆ ಮುಗೀತಾ? ತೊಳೆದು ಒಣಗಿಸಿದ್ದು ಯಾವಾಗ?" ಅಂತ ಕೇಳಿದರು. "ಅವರಿಗೆ ಅನುಭವ ಇದೆ ಬಿಡಿ" ಅಂದೆ. ಆ ಮಾತು ನೆನೆದರೆ ಈಗಲೂ ತಲೆ ತಗ್ಗುತ್ತದೆ. ಅವರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು.

ಎರಡು ದೊಡ್ಡ ಮಳೆ ಆಯಿತು. ಮೇಲೆ ಹತ್ತಿದೆ. ಅಲ್ಲಲ್ಲಿ ಗುಳ್ಳೆ ಎದ್ದಿದ್ದವು, ಅಂಗೈಯಷ್ಟು ದೊಡ್ಡವು. ಒಂದನ್ನು ಬೆರಳಿನಿಂದ ಒತ್ತಿದೆ. ಒಳಗೆ ನೀರು ಆಡಿತು. ಅಂಚು ಹಿಡಿದು ಎಳೆದರೆ ಒಂದು ಮೊಳ ಉದ್ದ ಹಾಗೇ ಸುಲಿದು ಬಂತು. ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಹಸಿರು ಪಾಚಿ, ಮಣ್ಣು, ಒಂದು ಒಣಗಿದ ಎಲೆಯ ಚೂರು. ಎಲೆಯನ್ನೂ ತೆಗೆದಿರಲಿಲ್ಲ! ಪಾಚಿಯ ಮೇಲೇ ಬಳಿದಿದ್ದರು. ಬಿರುಕುಗಳು ಮೊದಲು ಹೇಗಿದ್ದವೋ ಹಾಗೇ ಇದ್ದವು, ಒಂದನ್ನೂ ತುಂಬಿರಲಿಲ್ಲ. ಅಲ್ಲೇ ಕೂತುಬಿಟ್ಟೆ. ಫೋಟೋ ಕಳಿಸಿದ್ದು ನೆನಪಾಯಿತು.

ಮೆಟ್ಟಿಲ ಕೆಳಗೆ ಅವರು ಬಿಟ್ಟುಹೋದ ಖಾಲಿ ಡಬ್ಬ ಇತ್ತು, 20 ಲೀಟರಿಂದು. ಅದರ ಮೇಲೆ ಬರೆದದ್ದನ್ನು ಅವತ್ತೇ ಮೊದಲ ಸಲ ಓದಿದೆ. ಎರಡು ಕೋಟ್‌ಗೆ ಲೀಟರಿಗೆ 20 ಚದರ ಅಡಿ. ಅಂದರೆ ನಮ್ಮ ತಾರಸಿಗೆ 50 ಲೀಟರ್ ಬೇಕಿತ್ತು. ಬಂದದ್ದು ಒಂದೇ ಡಬ್ಬ ಅಂತ ಮನೆಯಲ್ಲಿದ್ದವರು ಹೇಳಿದರು. ಮೂರು ಕೋಟ್ ಎಲ್ಲಿಂದ ಬಂತು? ನೀರು ಬೆರೆಸಿ ಎಳೆದಿದ್ದಾರೆ ಅಷ್ಟೇ. ಒಂದನೇ ಕ್ಲಾಸಿನ ಲೆಕ್ಕ, ನಾನು ಮಾಡಲಿಲ್ಲ.

ಫೋನ್ ಮಾಡಿದೆ. ಮೊದಲ ಸಲ, "ಮೇಲೆ ಬಟ್ಟೆ ಒಣಹಾಕ್ತೀರಾ ಸರ್? ಜನ ಓಡಾಡಿದ್ರೆ ಹಾಗೇ ಆಗುತ್ತೆ." ಎರಡನೇ ಸಲ, "ಈ ವರ್ಷ ಮಳೆ ಜಾಸ್ತಿ ಸರ್, ನಾವೇನ್ ಮಾಡೋಣ?" ಮಳೆಗೆ ಅಂತಾನೇ ಅಲ್ವಾ ಮಾಡಿಸಿದ್ದು? ವಾರಂಟಿ ಅಂದೆ. "ವಾರಂಟಿ ಮಟೀರಿಯಲ್‌ದು ಸರ್, ಕೆಲಸದ್ದಲ್ಲ. ಕಂಪನಿಗೆ ಕೇಳಿ." ಸರಿ, ಮಟೀರಿಯಲ್ ತಂದ ಬಿಲ್ ಕೊಡಿ ಅಂದೆ. "ಬಿಲ್ಲಾ? ಅದನ್ನ ಆಗಲೇ ಹೇಳಬೇಕಿತ್ತು." ಕೊನೆಗೆ, "ಇನ್ನೊಂದು ಕೋಟ್ ಹೊಡೆದುಕೊಡ್ತೀನಿ, ಮಟೀರಿಯಲ್ ಖರ್ಚು ಮಾತ್ರ ನಿಮ್ಮದು." ಸುಲಿಯುತ್ತಿರುವುದರ ಮೇಲೆ ಇನ್ನೊಂದು ಕೋಟ್! ಆಮೇಲೆ ಫೋನ್ ಎತ್ತುವುದನ್ನೇ ನಿಲ್ಲಿಸಿದರು.

ಪಕ್ಕದ ಮನೆಯ ಹಿರಿಯರೇ ಒಬ್ಬ ಹಳೇ ಗಾರೆ ಮೇಸ್ತ್ರಿಯನ್ನು ಕರೆತಂದರು. ಅವರು ಬಿರುಕಿನ ಕಡೆ ನೋಡಲೇ ಇಲ್ಲ. ಮಳೆನೀರು ಇಳಿಯುವ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಸುತ್ತ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರು. ಒಂದು ಗಂಟೆಯೊಳಗೆ ಹಾಲ್‌ನ ಮೂಲೆ ಹಸಿಯಾಯಿತು. ಪೈಪಿಗೂ ಸ್ಲ್ಯಾಬಿಗೂ ನಡುವೆ ಸಂದು ಬಿಟ್ಟಿತ್ತು. ತೇವ ಕಾಣುವ ಜಾಗದಿಂದ ಅದು ಎಂಟು ಅಡಿ ದೂರ. "ನೀರು ಇಳಿಯೋದು ಒಂದು ಕಡೆ, ತೊಟ್ಟಿಕ್ಕೋದು ಇನ್ನೊಂದು ಕಡೆ ಸ್ವಾಮಿ" ಅಂದರು. ಅರ್ಧ ದಿನದ ಕೆಲಸವಂತೆ. ಅದಕ್ಕೆ ನಾನು ಇಡೀ ತಾರಸಿಗೆ ದುಡ್ಡು ಸುರಿದಿದ್ದೆ.

ಹಾಗಾಗಿ ದಯವಿಟ್ಟು, ಸೋರುವ ಜಾಗ ಹುಡುಕದೆ ಪೂರ್ತಿ ಕೋಟಿಂಗ್‌ಗೆ ಒಪ್ಪಬೇಡಿ. ಪೈಪಿನ ಬಾಯಿ, ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆ, ಟ್ಯಾಂಕಿನ ಬುಡ, ಇವನ್ನು ಮೊದಲು ನೋಡಿಸಿ. ನೀರು ಹರಿದುಹೋಗಲು ವಾಟ ಸರಿ ಇದೆಯಾ ಅಂತಲೂ ನೋಡಿ. 100 ಅಡಿಗೆ 1 ಅಡಿಯಾದರೂ ಇಳಿಜಾರು ಬೇಕು, ನೀರು ನಿಂತರೆ ಯಾವ ಕೋಟಿಂಗೂ ಬಾಳಿಕೆ ಬರುವುದಿಲ್ಲ. ಒಳಗಡೆ ಸೂರಿನ ಗಾರೆ ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದ್ದರೆ ಅದು ಬೇರೆಯೇ ವಿಷಯ. ಅಲ್ಲಿ ಮೇಲೆ ಬಳಿದು ಪ್ರಯೋಜನವಿಲ್ಲ, ಎಂಜಿನಿಯರ್‌ಗೆ ತೋರಿಸಿ.

ಕೋಟಿಂಗ್ ಬೇಕೇ ಬೇಕು ಅಂತಾದರೆ ಬಳಿಯುವ ದಿನಕ್ಕಿಂತ ಅದರ ಹಿಂದಿನ ದಿನ ರಜೆ ಹಾಕಿ. ವೈರ್ ಬ್ರಷ್‌ನಲ್ಲಿ ಉಜ್ಜಿ ಪಾಚಿ ತೆಗೆಯುವುದು, ಬಿರುಕು ಅಗಲಿಸಿ ತುಂಬುವುದು, ಒಣಗಿಸುವುದು, ಪ್ರೈಮರ್, ನಿಜವಾದ ಕೆಲಸ ಇದೇ. ಬಿಳಿ ಬಂದ ಮೇಲೆ ಏನೂ ಕಾಣುವುದಿಲ್ಲ. ಈ ಅಕ್ರಿಲಿಕ್ ಕೋಟಿಂಗ್‌ಗೆ ನೆಲ ಒಣಗಿರಲೇಬೇಕು. ಒಂದೂವರೆ ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ 16 ಗಂಟೆ ಬಿಡಿ, ಅಡಿಯಲ್ಲಿ ಬೆವರು ಕಂಡರೆ ಬಳಿಯಲು ಬಿಡಬೇಡಿ. ಡಬ್ಬಗಳನ್ನು ನಿಮ್ಮೆದುರೇ ಒಡೆಸಿ, ಎಣಿಸಿ. ಕೆಲಸಕ್ಕೂ ವಾರಂಟಿ ಇದೆ ಅಂತ ಬರೆಸಿಕೊಳ್ಳಿ. ಪೂರ್ತಿ ಒಣಗಿದ ಮೇಲೆ 48 ಗಂಟೆ ನೀರು ನಿಲ್ಲಿಸಿ ನೋಡಿ, ಕೊನೆಯ ಕಂತು ಆಮೇಲೆ. "ನಂಬಿಕೆ ಇಲ್ವಾ ಸರ್?" ಅಂತ ಕೇಳುತ್ತಾರೆ. ನನ್ನನ್ನೂ ಕೇಳಿದ್ದರು, ನಾನು ಸಂಕೋಚಪಟ್ಟು ಸುಮ್ನೆ ದುಡ್ಡು ಎಣಿಸಿಕೊಟ್ಟೆ.

ಈಗ ಆ ಬಿಳಿ ಪದರವನ್ನೆಲ್ಲ ಕೆರೆದು ತೆಗೆಯಬೇಕು. ಇಬ್ಬರಿಗೆ ಮೂರು ದಿನದ ಕೆಲಸ ಅಂದಿದ್ದಾರೆ ಮೇಸ್ತ್ರಿ. ಮಳೆ ಬಿಟ್ಟ ಮೇಲೆ ಶುರು. ಅಲ್ಲಿಯವರೆಗೆ ಪೈಪಿನ ಸಂದಿಗೆ ತಾತ್ಕಾಲಿಕವಾಗಿ ಸಿಮೆಂಟ್ ಮೆತ್ತಿದ್ದಾರೆ, ಬಕೆಟ್ ಅಲ್ಲೇ ಇದೆ.