ವಿಶ್ವೇಶ್ವರಯ್ಯ ಬ್ಲಾಕ್: ಓದೋಕೆ ಚೆನ್ನ, ನೀರಿನ ಕಥೆ ಕೇಳಬೇಡಿ

ಯಾವ ಯೂನಿವರ್ಸಿಟಿ ಅಂತ ಹೇಳುವುದಿಲ್ಲ, ನನ್ನ ಪಿಎಚ್‌ಡಿ ಇನ್ನೂ ಮುಗಿದಿಲ್ಲ. ಸರ್ ಎಂ.ವಿ. ಹೆಸರಿನ ಬ್ಲಾಕುಗಳು ನಮ್ಮ ರಾಜ್ಯದಲ್ಲಿ ಬೇಕಾದಷ್ಟಿವೆ, ಅದರಲ್ಲೊಂದು ಅಂದುಕೊಳ್ಳಿ.

ಎಷ್ಟು ಮಹಡಿ, ಎಷ್ಟು ಕ್ಲಾಸ್‌ರೂಮು ಅನ್ನೋದೆಲ್ಲ ಗೇಟಿನ ಬೋರ್ಡಿನಲ್ಲೇ ಇದೆ. ನನ್ನ ತಕರಾರು ಟ್ಯಾಂಕಿನದ್ದು. ಬೆಳಿಗ್ಗೆ ಅಟೆಂಡರ್ ಮೋಟಾರ್ ಹಾಕಿ ಬೇರೆ ಕೆಲಸಕ್ಕೆ ಹೋಗುತ್ತಾರೆ. ಟ್ಯಾಂಕ್ ತುಂಬುತ್ತದೆ, ಉಕ್ಕುತ್ತದೆ, ನೀರು ಗೋಡೆಗುಂಟ ಇಳಿದು ಹಿಂದಿನ ಮೆಟ್ಟಿಲ ಮೇಲೆಲ್ಲ ಹರಿಯುತ್ತದೆ, ನಾವು ಚಪ್ಪಲಿ ಕೈಯಲ್ಲಿ ಹಿಡಿದು ಹತ್ತುತ್ತೇವೆ. ಮಧ್ಯಾಹ್ನ ಮೂರರ ಹೊತ್ತಿಗೆ ಅದೇ ಟ್ಯಾಂಕ್ ಖಾಲಿ. ನಲ್ಲಿ ತಿರುಗಿಸಿದರೆ ಬರೀ ಗಾಳಿ.

ಹೆಸರಾದರೂ ಯಾರದ್ದು ನೋಡಿ! ನೀರು ಮಟ್ಟ ದಾಟಿದ ಕೂಡಲೇ ತಾನಾಗಿಯೇ ತೆರೆದುಕೊಳ್ಳುವ ಗೇಟು ಮಾಡಿ, ಪೇಟೆಂಟ್ ತಗೊಂಡು, 1903ರಲ್ಲೇ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಕೂರಿಸಿದವರು. 1908ರಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿದ ಮೇಲೆ ಅಲ್ಲಿಯವರು ಕರೆಸಿಕೊಂಡದ್ದೂ ಇವರನ್ನೇ. ಆ ಹೆಸರಿನ ಕಟ್ಟಡಕ್ಕೆ, ಟ್ಯಾಂಕ್ ತುಂಬಿದಾಗ ಮೋಟಾರ್ ಆಫ್ ಮಾಡುವ ಒಂದು ಫ್ಲೋಟ್ ಸ್ವಿಚ್ ಹಾಕಿಸೋಕೆ ಆಗಲ್ಲ ಅಂದ್ರೆ ಹೇಗೆ? ಕೇಳಿದಾಗಲೆಲ್ಲ 'ಎಸ್ಟಿಮೇಟ್ ಹೋಗಿದೆ' ಅನ್ನುತ್ತಾರೆ. ಎಲ್ಲಿಗೆ ಹೋಗಿದೆಯೋ. ಸೆಪ್ಟೆಂಬರ್ 15ಕ್ಕೆ ಫೋಟೋಗೆ ಹಾರ ಮಾತ್ರ ಒಂದು ವರ್ಷವೂ ತಪ್ಪಿಲ್ಲ.

ಅಟೆಂಡರ್ ಅಣ್ಣನ ಮೇಲೆ ಸಿಟ್ಟು ಮಾಡಿಕೊಳ್ಳೋಕೂ ಮನಸ್ಸು ಬರಲ್ಲ. ಇಡೀ ಬ್ಲಾಕಿಗೆ ಅವರೊಬ್ಬರೇ. ನಾನು ಬೇಗ ಬಂದರೆ ಬೈದುಕೊಳ್ಳದೆ ರೀಡಿಂಗ್ ಹಾಲ್ ಬೀಗ ತೆಗೆಯುತ್ತಾರೆ. ಆ ಹಾಲ್ ಇರೋದರಿಂದಲೇ ನಾನು ಇನ್ನೂ ಇಲ್ಲಿ ಇರೋದು. ಎತ್ತರದ ಸೂರು, ಎರಡೂ ಕಡೆ ಉದ್ದುದ್ದ ಕಿಟಕಿ, ಏಪ್ರಿಲ್‌ನಲ್ಲೂ ಫ್ಯಾನ್ ಜಾಸ್ತಿ ಬೇಕಾಗಲ್ಲ. ಬಂದವನೇ ಚಪ್ಪಲಿ ಬಿಟ್ಟು ರೆಡ್ ಆಕ್ಸೈಡ್ ನೆಲದ ಮೇಲೆ ಬರಿಗಾಲು ಊರಿ ಸ್ವಲ್ಪ ಹೊತ್ತು ಸುಮ್ನೆ ಕೂರುತ್ತೇನೆ. ಮೊದಲು ಪೂರ್ವದ ಕಿಟಕಿ ಪಕ್ಕ. ಬಿಸಿಲು ಪುಸ್ತಕದ ಮೇಲೆ ಬಿದ್ದಾಗ ಲ್ಯಾಪ್‌ಟಾಪು, ಡಬ್ಬಿ, ಚೀಲ ಎಲ್ಲ ಹೊತ್ತುಕೊಂಡು ಎದುರಿನ ಸಾಲಿಗೆ. ಹೊರಗೆ ತಿಂಗಳ ಬಾಡಿಗೆ ಕೊಟ್ಟು ಓದುವ ರೂಮುಗಳಿವೆ, ಎಸಿ ಕೂಡ ಇದೆಯಂತೆ. ಯಾವಾಗಲೋ ಬರುವ ಫೆಲೋಶಿಪ್ ನಂಬಿಕೊಂಡು ಅದೆಲ್ಲ ಆಗದ ಮಾತು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಹೊಸದಾಗಿ ಸೇರುವವರು ಬೆಳಿಗ್ಗೆ ಮುಂದಿನ ಮೆಟ್ಟಿಲಲ್ಲೇ ಹತ್ತಿ, ಊಟದ ಡಬ್ಬಿ ಮೂರರೊಳಗೆ ತೊಳೆದುಕೊಳ್ಳಿ. ಪೂರ್ವದ ಕಿಟಕಿಯ ಮೂಲೆ ಸೀಟು ಮಾತ್ರ ಹಿಡಿಯಬೇಡಿ, ಅದು ನನ್ನದು.