ಯುಎಸ್‌ಬಿ ಫ್ಲಾಪಿ ಡ್ರೈವ್: ಬೂಟ್ ಫ್ಲಾಪಿ ಮಾಡೋಕೆ ಅಡ್ಡಿಯಿಲ್ಲ, ಆದರೆ 1.44 ಎಂಬಿ ಫ್ಲಾಪಿಗೆ ಮಾತ್ರ

ಗಂಗಾವತಿಯಲ್ಲಿ ನಾನು ರಿಪೇರಿಗೆ ಹೋಗುವ ಒಂದು ರೈಸ್‌ಮಿಲ್ಲಿನ ವೇಬ್ರಿಜ್ (ಲಾರಿ ತೂಗುವ ಕಾಟಾ) ಕಂಪ್ಯೂಟರ್ ಇನ್ನೂ ವಿಂಡೋಸ್‌ಗಿಂತ ಹಳೆಯ ಡಾಸ್‌ನಲ್ಲೇ ಓಡುತ್ತದೆ. ಬದಲಿಸೋಣ ಅಂದರೆ ಸಾಹುಕಾರರದು ಒಂದೇ ಮಾತು: "ಲಾರಿ ತೂಕ ಬರಾಕತ್ತೈತಲ್ಲ, ಮತ್ತ್ಯಾಕ ರೊಕ್ಕ ಹಾಕೂದು?" ಈ ಸುಗ್ಗಿಯಲ್ಲಿ ಅದು ಬೂಟ್ ಆಗದೆ ಕೂತಿತು. ಸಿಡಿ ಡ್ರೈವ್ ಇಲ್ಲ, ಪೆನ್‌ಡ್ರೈವ್ ಚುಚ್ಚಲು ಜಾಗವಿಲ್ಲ. ಅದರಲ್ಲಿರುವ ಫ್ಲಾಪಿಯೇ ಗತಿ, ಬೂಟ್ ಫ್ಲಾಪಿಯನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಮಾಡೋಣ ಎಂದು ಆನ್‌ಲೈನ್‌ನಲ್ಲಿ ಹೆಸರು-ಕುಲ ಇಲ್ಲದ ಈ ಕರೀ ಡ್ರೈವ್ ತರಿಸಿದೆ.

ಲ್ಯಾಪ್‌ಟಾಪಿಗೆ ಚುಚ್ಚಿದ ಕೂಡಲೇ ಎ: ಎಂದು ಬಂತು, ಡ್ರೈವರ್ ಕೇಳಲಿಲ್ಲ. ಸದ್ದು ಮಾತ್ರ ಜೋರು. ಡಾಸ್‌ನ ಕಮಾಂಡ್.ಕಾಮ್ ಫೈಲನ್ನು ಕಾಪಿ ಮಾಡಿಬಿಟ್ಟರೆ ಬೂಟ್ ಆಗುತ್ತದೆ ಅಂದುಕೊಂಡವರು ಬಹಳ ಮಂದಿ. ಆಗಲ್ಲ. ಕಂಪ್ಯೂಟರ್ ಮೊದಲು ಓದುವುದು ಫ್ಲಾಪಿಯ ಮೊದಲ ಸೆಕ್ಟರ್, ಬರೀ 512 ಬೈಟ್. ಬೂಟ್ ಕೋಡ್ ಇರುವುದು ಅಲ್ಲಿ. ಫೈಲ್ ಕಾಪಿ ಮಾಡಿದರೆ ಅದು ಬದಲಾಗದು. ಅದಕ್ಕೇ ಫ್ರೀಡಾಸ್‌ನ (ಪುಕ್ಕಟೆ ಸಿಗುವ ಡಾಸ್) ಫ್ಲಾಪಿ ಇಮೇಜ್, ಅಂದರೆ ಇಡೀ ಫ್ಲಾಪಿಯ ನಕಲು ಇರುವ ಫೈಲ್, ಇಳಿಸಿಕೊಂಡು ಅದನ್ನು ಬರೆಯುವ ರಾರೈಟ್ ಪ್ರೋಗ್ರಾಮಿನಿಂದ ಇಡೀ ಡಿಸ್ಕಿನ ಮೇಲೆ ಹೊಡೆದೆ. ಲಿನಕ್ಸ್‌ನವರಿಗೆ ಡಿಡಿ ಕಮಾಂಡ್ ಸಾಕು, ಆದರೆ ಯಾವ ಡ್ರೈವಿಗೆ ಬರೆಯುತ್ತಿದ್ದೀರಿ ಎಂದು ಎರಡು ಸಲ ನೋಡಿ. ಯುಎಸ್‌ಬಿ ಫ್ಲಾಪಿಯೂ ಅಲ್ಲಿ ಹಾರ್ಡ್‌ಡಿಸ್ಕಿನ ಹಾಗೇ ಎಸ್‌ಡಿ ಹೆಸರಲ್ಲಿ ಬರುತ್ತದೆ.

ಮಿಲ್ಲಿನ ಕಂಪ್ಯೂಟರಿಗೆ ಆ ಫ್ಲಾಪಿ ಹಾಕಿ, ಸೆಟಪ್‌ಗೆ ಹೋಗಿ ಬೂಟ್ ಸರದಿಯಲ್ಲಿ ಫ್ಲಾಪಿ ಡ್ರೈವ್ ಎ ಮುಂದೆ ತಂದೆ. ಕರಕರ ಎಂದು ಓದಿ ಪ್ರಾಂಪ್ಟ್ ಬಂತು. ಸಿ: ಹೊಡೆದರೆ ತೂಕದ ಫೈಲುಗಳೆಲ್ಲ ಹಾಗೇ ಇದ್ದವು. ಗುಮಾಸ್ತ ಕುರ್ಚಿ ಎಳೆದುಕೊಂಡು ಕೂತವನು, "ಚೀಟಿ ಹರೀಲ್ಯಾ ಸರ?" ಎಂದ. ಹೊರಗೆ ಭತ್ತದ ಲಾರಿಯವರು ಹಾರ್ನ್ ಬಾರಿಸುತ್ತಿದ್ದರು.

ತಲೆನೋವು ಕೊಟ್ಟಿದ್ದು ಡ್ರೈವಲ್ಲ, ಫ್ಲಾಪಿ. ಸೋನಿಯಂಥ ಕಂಪನಿಯೇ 2011ರಲ್ಲಿ ಫ್ಲಾಪಿ ಮಾರಾಟ ನಿಲ್ಲಿಸಿತು. ಈಗ ಸಿಗುವುದೆಲ್ಲ ಹಳೇ ಸ್ಟಾಕ್. ನನಗೆ ಬಂದ ಪೆಟ್ಟಿಗೆಯಲ್ಲಿ ಕೆಲವು ಬ್ಯಾಡ್ ಸೆಕ್ಟರ್ ತೋರಿಸಿದವು. ತಗಡಿನ ಬಾಗಿಲು ಸರಿಸಿ ನೋಡಿ, ಡಿಸ್ಕಿನ ಮೇಲೆ ಬೂಷ್ಟಿನ ಬಿಳಿ ಚುಕ್ಕೆ ಕಂಡರೆ ಡ್ರೈವಿಗೆ ಹಾಕಲೇಬೇಡಿ, ಹೆಡ್ ಹೊಲಸಾಗುತ್ತದೆ. ಬರೆದಾದ ಮೇಲೆ ಮೂಲೆಯ ಕಿಂಡಿ ತೆರೆದಿಡಿ, ಆಮೇಲೆ ಯಾರೂ ಅಳಿಸಲಾಗದು.

ನನ್ನ ಡ್ರೈವ್ 720 ಕೆಬಿ ಫ್ಲಾಪಿ ಓದುತ್ತದೆ, ಫಾರ್ಮ್ಯಾಟ್ ಮಾಡು ಅಂದರೆ ಒಲ್ಲೆ ಅನ್ನುತ್ತದೆ. ಇನ್ನೂ ದೊಡ್ಡ 5.25 ಇಂಚಿನ ಫ್ಲಾಪಿಯ ಯಂತ್ರ ಇಟ್ಟುಕೊಂಡವರಿಗಂತೂ ಇದರಿಂದ ಕಾಸಿನ ಉಪಯೋಗವಿಲ್ಲ. ಈ ಡ್ರೈವಿಗೆ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಹಳೇ ಡ್ರೈವ್ ಕಿತ್ತು ಅದೇ 34 ಪಿನ್ ಕೇಬಲ್ಲಿಗೆ ಗೋಟೆಕ್ ಎಂಬ ಫ್ಲಾಪಿ ಬದಲಿಯ ಪೆಟ್ಟಿಗೆ ಕೂರಿಸಿದರೆ ಪೆನ್‌ಡ್ರೈವಿನಲ್ಲಿರುವ ಇಮೇಜನ್ನೇ ಫ್ಲಾಪಿ ಎಂದು ಓದಿಸಬಹುದು. ಸಾಹುಕಾರರಿಗೆ ಹೇಳಿದ್ದೇನೆ, ರೇಟು ಕೇಳಿ ಸುಮ್ಮನಾಗಿದ್ದಾರೆ.